ಎರಡು ಕಂಪ್ಯೂಟರಿಗೆ ಒಂದು ಪ್ರಿಂಟರು

ಇಪ್ಪತ್ತೆರಡು ವರ್ಷ ನಾನು ಕಟ್ಟಿದ ಊಟದ ಡಬ್ಬಿ ದಿನಾ ಹೋಗಿ ಬರುತ್ತಿದ್ದ ಆಫೀಸಿನೊಳಗೆ ನಾನೇ ಕಾಲಿಟ್ಟದ್ದು ಒಂದೇ ಒಂದು ಭಾನುವಾರ. ಆ ದಿನ ನಾನು ಹೋಗಬೇಕಿದ್ದದ್ದು ಅಮೀರ್‌ಪೇಟೆಯ ದರ್ಜಿಯ ಅಂಗಡಿಗೆ. ಕೈಚೀಲದಲ್ಲಿ ಅಳತೆಯ ಬ್ಲೌಸು, ಹೊಸ ಬ್ಲೌಸಿನ ಬಟ್ಟೆ, ನನ್ನ ಅಳತೆ ಟೇಪು ಎಲ್ಲ ಹಿಂದಿನ ದಿನವೇ ಸಿದ್ಧವಾಗಿದ್ದವು. ದರ್ಜಿಯ ಟೇಪನ್ನು ನಾನು ನಂಬುವುದಿಲ್ಲ. ಅದು ಬಹಳ ಜನರ ಮೈ ಸುತ್ತಿ ಸೋತಿರುತ್ತದೆ.

ಶನಿವಾರ ಸಂಜೆ ನಮ್ಮ ಯಜಮಾನರು ಮನೆಗೆ ಬಂದವರು ಚಹಾದ ಕಪ್ಪನ್ನು ಮುಟ್ಟದೆ ಅದರ ಹಿಡಿಕೆಯನ್ನಷ್ಟೇ ತಿರುಗಿಸುತ್ತ ಕೂತರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಚಹಾದ ಮೇಲೆ ಕೆನೆ ಕಟ್ಟಿತು. ಆಮೇಲೆ ಇದ್ದಕ್ಕಿದ್ದಂತೆ ಕೇಳಿದರು:

"ನಾಳಿ ನನ್ನ ಜೋಡಿ ಆಫೀಸಿಗೆ ಬರ್ತಿಯೇನು?"

"ನಾನಾ? ನಾ ಬಂದು ಏನ್ ಮಾಡ್ಲಿ ಅಲ್ಲಿ?"

"ಪ್ರಿಂಟರ್ ಮುಂದ ನಿಂದ್ರಬೇಕು. ಏನ್ ಬರ್ತೈತಿ ನೋಡಿ ನನಗ ಫೋನಿನಾಗ ಹೇಳಬೇಕು. ಅಷ್ಟ."

ಅಷ್ಟೇ ಅಂದದ್ದರ ಹಿಂದೆ ಎಷ್ಟಿತ್ತು ಅನ್ನುವುದು ಎರಡನೇ ಕಪ್ಪು ಚಹಾ ಆಗುವಷ್ಟರಲ್ಲಿ ಗೊತ್ತಾಯಿತು.

ಅವರ ಆಫೀಸು ಬಾಲಾನಗರದ ಒಂದು ಕಾರ್ಖಾನೆಯದು. ದೊಡ್ಡ ದೊಡ್ಡ ಕೊಳವೆಗಳಿಗೆ ಹಾಕುವ ವಾಲ್ವುಗಳನ್ನು ಮಾಡುತ್ತಾರೆ. ಅಲ್ಲಿ ಮೊದಲ ಮಹಡಿಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದು ಹಾಲ್ ತುಂಬ ಹರಡಿಕೊಳ್ಳುವಷ್ಟು ದೊಡ್ಡದೂ ಅಲ್ಲ, ಮೇಜಿನ ಮೇಲೆ ಇಡುವಷ್ಟು ಚಿಕ್ಕದೂ ಅಲ್ಲ, ನಡುವಿನ ಜಾತಿಯದು; ಎತ್ತರ ನಮ್ಮನೆ ಫ್ರಿಜ್ಜಿನಷ್ಟು. ಗೇಟಿನಿಂದ ಹೊರಗೆ ಹೋದ ಪ್ರತಿಯೊಂದು ವಾಲ್ವಿನ ಲೆಕ್ಕ ಅದರ ಹೊಟ್ಟೆಯಲ್ಲಿದೆ. ಅದನ್ನು ಎಬ್ಬಿಸಿ, ಮಾತಾಡಿಸಿ, ಮಲಗಿಸುವುದು ನಮ್ಮ ಯಜಮಾನರ ಕೆಲಸ. ಆಮೇಲಾಮೇಲೆ ಎಲ್ಲರ ಮೇಜಿನ ಮೇಲೂ ಸಣ್ಣ ಕಂಪ್ಯೂಟರುಗಳು ಬಂದವು. ಅವು ತಮ್ಮತಮ್ಮಲ್ಲೇ ವೈರು ಎಳೆದುಕೊಂಡು ತಮ್ಮದೇ ಪ್ರಿಂಟರು ಇಟ್ಟುಕೊಂಡವು. ಹಳೆಯದಕ್ಕೆ ಅದರದೇ ಪ್ರಿಂಟರು. ಇದರ ಮಾತು ಅದಕ್ಕೆ ಬೇಡ, ಅದರ ಮಾತು ಇದಕ್ಕೆ ಬೇಡ. ಒಂದೇ ಮನೆಯಲ್ಲಿ ಎರಡು ಒಲೆ.

ಗುರುವಾರ ಹಳೆಯದರ ಪ್ರಿಂಟರು ಸತ್ತುಹೋಯಿತು. ಅದರ ಬಿಡಿಭಾಗ ಈಗ ಎಲ್ಲಿಯೂ ಸಿಗುವುದಿಲ್ಲ. ಎರಡು ದಿನ ಮಾಲಿನ ಚಲನ್‌ಗಳನ್ನು ಕೈಯಲ್ಲೇ ಬರೆದು ಲಾರಿ ಕಳಿಸಿದರು. ಶನಿವಾರ ಮಾಲೀಕರು ಎಲ್ಲರನ್ನೂ ಕರೆದು, ಮಾದಾಪುರದ ಒಂದು ಕಂಪನಿಯವರು ಸೋಮವಾರ ಹತ್ತು ಗಂಟೆಗೆ ಬರುತ್ತಾರೆ, ಈ ಫ್ರಿಜ್ಜನ್ನು ಎತ್ತಿ ಎಸೆದು ಎಲ್ಲ ಹೊಸದು ಹಾಕುತ್ತಾರೆ ಅಂದರು. ಆಗ ನಮ್ಮ ಯಜಮಾನರು, ಜನ್ಮದಲ್ಲಿ ಸಭೆಯಲ್ಲಿ ಬಾಯಿ ಬಿಡದವರು, ಎದ್ದು ನಿಂತು ಹೇಳಿಬಿಟ್ಟರಂತೆ: ಹೊಸದೇನೂ ಬೇಡ ಸಾರ್, ಕೆಳಗಿನ ಡಿಸ್ಪ್ಯಾಚ್ ರೂಮಿನಲ್ಲಿರುವ ಪ್ರಿಂಟರನ್ನೇ ಎರಡೂ ಕಂಪ್ಯೂಟರುಗಳು ಹಂಚಿಕೊಳ್ಳುವ ಹಾಗೆ ಮಾಡುತ್ತೇನೆ, ಸೋಮವಾರ ಒಂಬತ್ತರ ಲಾರಿಗೆ ಚಲನ್ ಅದರಲ್ಲೇ ಬರುತ್ತದೆ.

"ಬರ್ಲಿಲ್ಲ ಅಂದ್ರ?" ಅಂದೆ.

"ಅದು ಗುಜರಿಗೆ, ನಾ ಸ್ಟೋರಿಗೆ. ನಟ್ಟು ಬೋಲ್ಟು ಎಣಸ್ಕೋತ ಕೂಡ್ತೀನಿ."

ನಗುತ್ತಲೇ ಹೇಳಿದರು. ಆದರೆ ಚಹಾದ ಕಪ್ಪು ಮತ್ತೆ ಎಡಕ್ಕೆ ತಿರುಗಿತು.

ನಾನು ಹೆದರಬೇಕಿತ್ತು. ನಿಜ ಹೇಳಬೇಕೆಂದರೆ ನನಗೆ ಆ ರಾತ್ರಿ ನಿದ್ದೆ ಬರದಿದ್ದದ್ದು ಸಂಭ್ರಮಕ್ಕೆ. ಆಫೀಸು ನೋಡುವ ಸಂಭ್ರಮ! ಬೆಳಿಗ್ಗೆ ನಾರಾಯಣಪೇಟೆಯ ಹಸಿರು ಸೀರೆ ತೆಗೆದೆ. ಮಲ್ಲಿಗೆ ಮುಡಿದೆ. ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಸೆರಗಿಗೆ ಪಿನ್ನು ಹಾಕಿಕೊಂಡೆ. ಕಾನ್ವೆಂಟಿನ ಅಭ್ಯಾಸ, ಈ ವಯಸ್ಸಿಗೂ ಬಿಟ್ಟಿಲ್ಲ. ಯಜಮಾನರು ನೋಡಿ, "ಮದವಿಗೆ ಹೊಂಟಿಯೇನು?" ಅಂದರು. ಕೈಚೀಲ ಬದಲಿಸಲು ಪುರುಸೊತ್ತಿಲ್ಲದೆ ಬ್ಲೌಸು, ಟೇಪಿನ ಸಮೇತ ಹೆಗಲಿಗೆ ಹಾಕಿಕೊಂಡು ಸ್ಕೂಟರ್ ಹತ್ತಿದೆ.

ಗೇಟಿನಲ್ಲಿ ಕಾವಲುಗಾರ ಕಾಕಾ. ಯಾದಗಿರಿ ಕಡೆಯವನು. ಇಷ್ಟು ವರ್ಷ ನನ್ನ ಡಬ್ಬಿಯನ್ನು ಕೈಯಿಂದ ಕೈಗೆ ದಾಟಿಸಿದವನು, ನನ್ನನ್ನು ನೋಡಿದ್ದು ಅದೇ ಮೊದಲು.

"ಇವತ್ತ ಐತವಾರ ಅಲ್ರಿ ಸಾಹೇಬ್ರ?"

"ಹೌದು ಕಾಕಾ, ಕೆಲಸ ಐತಿ. ಇವ್ರು ನಮ್ಮ ಮನಿಯವ್ರು."

ಕಾಕಾ ನನ್ನ ಕೈ ನೋಡಿದ. "ಡಬ್ಬಿ ಇಲ್ಲದ ಬಂದಾರಂದ್ರ ಹ್ಯಾಂಗ ನಂಬ್ಲಿರಿ?"

ಡಬ್ಬಿ ಸ್ಕೂಟರಿನ ಹುಕ್ಕಿಗಿತ್ತು. ತೋರಿಸಿದೆ. ಅದರ ಮುಚ್ಚಳದ ತಗ್ಗು ನೋಡಿ ಗುರುತು ಹಿಡಿದವನೇ ಹಲ್ಲೆಲ್ಲ ಬಿಟ್ಟು ಗೇಟು ತೆಗೆದ. "ಬರ್ರಿ ಅಕ್ಕಾರ, ಬರ್ರಿ. ನಿಮ್ಮ ಮಂಗಳವಾರದ ಮೆಂತೆ ಕಡಬಿನ ವಾಸನಿ ನನಗ ಭಾಳ ಪರಿಚಯ."

ಮೇಲಿನ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು. ಬಾಗಿಲ ಚೌಕಟ್ಟಿಗೆ ಒಣಗಿದ ಮಾವಿನ ತೋರಣ. ಒಳಗೆ ಏಸಿಯ ತಣ್ಣನೆ ಗಾಳಿ, ನಡುವೆ ಆ ಫ್ರಿಜ್ಜಿನಂಥದ್ದು ಗುಂಯ್ ಎನ್ನುತ್ತ ನಿಂತಿತ್ತು. ಹಣೆಗೆ ಕುಂಕುಮ, ಅದರ ಕೆಳಗೆ ಹೋದ ವರ್ಷದ ಕುಂಕುಮ, ಅದರ ಕೆಳಗೆ ಅದರ ಹಿಂದಿನ ವರ್ಷದ್ದು. ಇಷ್ಟು ಕಾಲ ನನ್ನ ಗಂಡ ನನ್ನೊಡನೆ ಕಳೆದದ್ದಕ್ಕಿಂತ ಹೆಚ್ಚು ಹೊತ್ತು ಕಳೆದದ್ದು ಇದರ ಜೊತೆ. ನಾನು ಸ್ವಲ್ಪ ಹೊತ್ತು ಅದನ್ನು ಸವತಿಯನ್ನು ನೋಡುವ ಹಾಗೆ ನೋಡಿದೆ. ಪಾಪ, ಅದರ ಒಂದು ಬದಿಯ ಬಣ್ಣ ಕೆತ್ತಿಹೋಗಿತ್ತು. ಮನಸ್ಸು ಕರಗಿತು.

ನನ್ನ ಜಾಗ ಕೆಳಗೆ, ಡಿಸ್ಪ್ಯಾಚ್ ರೂಮು. ಗೋಡೆಗೆ ಹಚ್ಚಿದ ಮೇಜು, ಅದರ ಮೇಲೆ ಒಂದು ಸಣ್ಣ ಕಂಪ್ಯೂಟರ್, ಪಕ್ಕದಲ್ಲಿ ಸೂಜಿಗಳಿಂದ ಹೊಡೆದು ಅಚ್ಚು ಮಾಡುವ ಪ್ರಿಂಟರು. ಎರಡಕ್ಕೂ ನಡುವೆ ಸಾಬೂನಿನ ಡಬ್ಬಿಯಷ್ಟು ಒಂದು ಪೆಟ್ಟಿಗೆ. ಆ ಪೆಟ್ಟಿಗೆಯೇ ನಡುಮನೆಯ ಹಿರಿಯ. ಹಳೆಯ ಕಂಪ್ಯೂಟರು ಕಳಿಸಿದ್ದನ್ನೂ ಹೊಸವು ಕಳಿಸಿದ್ದನ್ನೂ ಸಾಲಿನಲ್ಲಿ ನಿಲ್ಲಿಸಿ ಒಂದಾದ ಮೇಲೊಂದು ಪ್ರಿಂಟರಿಗೆ ಕೊಡಬೇಕು. ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದು ಮಲಗಿದ್ದದ್ದು ಸತ್ತ ಪ್ರಿಂಟರು. ಮಂಗಳವಾರ ಗುಜರಿಯವನು ಬರುವವನಿದ್ದ.

ಯಜಮಾನರು ಮೇಲಿನಿಂದ ಮೊಬೈಲಿಗೆ ಫೋನು ಮಾಡಿದರು. ನಾನು ಕಿವಿ ಮತ್ತು ಹೆಗಲಿನ ನಡುವೆ ಫೋನು ಸಿಕ್ಕಿಸಿಕೊಂಡು ಗಂಭೀರವಾಗಿ ನಿಂತೆ.

"ಬಂತೇನು?"

"ಇಲ್ಲರಿ."

"ಈಗ?"

"ಈಗೂ ಇಲ್ಲ. ಹಸರ ದೀಪ ಉರಿಯಾಕತ್ತೈತಿ. ಒಂದ ಹಲ್ಲಿ ಐತಿ."

"ಹಲ್ಲಿ? ಪ್ರಿಂಟರಿನಾಗ?"

"ಅಲ್ಲರಿ, ಗೋಡಿ ಮ್ಯಾಲೆ."

"ಹಲ್ಲಿ ಬಿಡ ನೀ. ಪ್ರಿಂಟರ್ ನೋಡ."

ಹತ್ತು ನಿಮಿಷ ನಾನೂ ಪ್ರಿಂಟರೂ ಹಲ್ಲಿಯೂ ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಆಮೇಲೆ ಫೋನಿನಲ್ಲಿ ಹಣೆ ಬಡಿದುಕೊಂಡ ಸಪ್ಪಳ.

"ಅಯ್ಯ, ಇದು ನನ್ನ ಕೇಳ್ಕೋತ ಕುಂತೈತಿ, ನಾನಾ ನೋಡಿಲ್ಲ."

"ಯಾರ್ ಕೇಳಾಕತ್ತಾರ?"

"ಹಳೇ ಮಿಷನ್ನು. ಕಾಗದ ಹಾಕೀರೇನು, ಶುರು ಮಾಡ್ಲೇನು ಅಂತ ಕೇಳ್ತೈತಿ. 'ಗೋ' ಅನ್ನೂದಕ್ಕ ಜಿ ಅಕ್ಷರ ಒತ್ತೂ ತನಕ ಜಪ್ಪಯ್ಯ ಅಂದ್ರೂ ಹೊಡಿಯಾಂಗಿಲ್ಲ."

ನನಗೆ ಆ ಮಿಷನ್ನಿನ ಮೇಲೆ ಆಗಲೇ ಮಮತೆ ಹುಟ್ಟಿದ್ದು. ನಮ್ಮ ಕಾನ್ವೆಂಟಿನಲ್ಲೂ ಹೀಗೆಯೇ. ಸಿಸ್ಟರ್ ಅಪ್ಪಣೆ ಕೊಡುವ ತನಕ ಪೆನ್ನಿನ ಮುಚ್ಚಳ ತೆಗೆಯುವ ಹಾಗಿರಲಿಲ್ಲ. ಎಷ್ಟು ಚೆನ್ನಾಗಿ ಬೆಳೆಸಿದ್ದಾರೆ ಇದನ್ನು ಅಂದುಕೊಳ್ಳುವಷ್ಟರಲ್ಲಿ ಮೇಲೆ ಅವರು ಜಿ ಒತ್ತಿದರು. ಕೆಳಗೆ ಪ್ರಿಂಟರು ಕಿರ್ರ್ ಎಂದು ಚೀರಿತು. ನಾನೂ ಚೀರಿದೆ. ಹಲ್ಲಿ ಓಡಿಹೋಯಿತು.

"ಏನಾತು? ಏನ್ ಬಂತು?"

ನಾನು ಹಾಳೆಯ ಮೇಲೆ ಬಗ್ಗಿದೆ. ಕನ್ನಡಕ ಒರೆಸಿ ಮತ್ತೆ ಬಗ್ಗಿದೆ.

"ರೀ... ಇದು ನಗಾಕತ್ತೈತಿ."

"ಯಾರ್ ನಗಾಕತ್ತಾರ?"

"ಪ್ರಿಂಟರು. ನಗೋ ಮುಖ ಹೊಡ್ಯಾಕತ್ತೈತಿ. ಸಾಲಿಗೆ ಎರಡು ಮೂರು. ಈಗ ಆಟೀನು ಬಂತು."

"ಏನ್ ಬಂತು?"

"ಆಟೀನ್ ರೀ. ಇಸ್ಪೀಟ್ ಎಲಿ ಮ್ಯಾಲೆ ಕೆಂಪು ಹೃದಯ ಇರ್ತೈತಲ್ಲ, ಅದು. ಇಲ್ಲೆ ಕರೇದು. ಅಗೋ, ಕಳಾವರ್ ಸುದ್ದಾ ಬಂತು!"

ಪ್ರಿಂಟರು ನಿಲ್ಲಲೇ ಇಲ್ಲ. ಒಂದು ಹಾಳೆಗೆ ಒಂದು ಸಾಲು ಹೊಡೆಯುವುದು, ಹಾಳೆ ಉಗುಳುವುದು, ಮತ್ತೆ ಒಂದು ಸಾಲು. ಕಾಗದ ಮೇಜಿನಿಂದ ಇಳಿದು, ಕುರ್ಚಿ ಹತ್ತಿ, ನನ್ನ ಕಾಲು ಸುತ್ತತೊಡಗಿತು. ನಾನು ಒಂದು ಕೈಯಲ್ಲಿ ಸೀರೆ ನೆರಿಗೆ, ಇನ್ನೊಂದು ಕೈಯಲ್ಲಿ ಹಾಳೆಯ ತುದಿ ಹಿಡಿದು, ಮಾವಿನಕಾಯಿ ಗುಳಾಂಬಿನ ಭರಣಿಗೆ ಇರುವೆ ಹತ್ತಿದಾಗ ಕುಣಿಯುವ ಹಾಗೆ ಕುಣಿಯುತ್ತಿದ್ದೆ.

"ಇಪ್ಪತ್ತೆರಡು ವರ್ಷದಾಗ ಒಂದ ಹೃದಯ ಕಳಿಸಿದಾವರಲ್ಲ, ಇವತ್ತ ಸಾಲ ಹಿಡದು ಕಳಸಾಕತ್ತೀರಿ!"

"ಕಳಿಸಿದಾಂವ ನಾ ಅಲ್ಲ. ಹಳೇ ಮಿಷನ್ನು."

"ಅದಕ್ಕಾದ್ರೂ ತಿಳೀತಲ್ಲ!"

ಗದ್ದಲ ಕೇಳಿ ಕಾಕಾ ಓಡಿಬಂದ. ಕಾಗದದ ರಾಶಿಯ ನಡುವೆ ನಿಂತ ನನ್ನನ್ನು ನೋಡಿ ಬಾಗಿಲಲ್ಲೇ ಕೈ ಮುಗಿದ. "ಅಕ್ಕಾರ, ಇದಕ್ಕ ಮೈಮ್ಯಾಲೆ ಬಂದೈತೇನ್ರಿ?"

ಬಂದದ್ದು ಇಷ್ಟೇ, ಯಜಮಾನರು ಆಮೇಲೆ ವಿವರಿಸಿದರು. ಕಂಪ್ಯೂಟರುಗಳಿಗೆ ಅಕ್ಷರ ಎಂದರೆ ಒಂದು ಅಂಕಿ. ಹಳೆಯದು ಪ್ರತಿ ಅಕ್ಷರಕ್ಕೆ ಇಟ್ಟ ಅಂಕಿಯೇ ಬೇರೆ, ಹೊಸವು ಇಟ್ಟದ್ದೇ ಬೇರೆ. ಹಳೆಯದು ಕಳಿಸುವ ಮುಂಚೆ ತನ್ನ ಮಾತನ್ನು ಪ್ರಿಂಟರಿನ ಮಾತಿಗೆ ತಿರುಗಿಸಬೇಕು. ಅದಕ್ಕೆ ಪ್ರಿಂಟರು ಯಾವ ಮಾದರಿಯದು ಅಂತ ಹೇಳಿಕೊಡಬೇಕು. ಇವರು ಪಟ್ಟಿಯಲ್ಲಿ ಅದರ ಕೆಳಗಿನ ಸಾಲಿನ ಮಾದರಿ ಆರಿಸಿದ್ದರು. ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಪಕ್ಕದವರ ಎಲೆಗೆ ತುಪ್ಪ ಬಡಿಸಿದ ಹಾಗೆ.

ಮಾದರಿ ಸರಿ ಮಾಡಿ ಮತ್ತೆ ಜಿ ಒತ್ತಿದಾಗ, ಆಹಾ! ಶುದ್ಧ ಇಂಗ್ಲಿಷ್ ಅಕ್ಷರ, ಮಣಿ ಪೋಣಿಸಿದಂತೆ. ನಾನು ಪ್ರಿಂಟರಿಗೆ "ಥ್ಯಾಂಕ್ ಯೂ" ಅಂದೆ. ಕಾಕಾ ನಕ್ಕ. ನಗಲಿ. ಸಿಸ್ಟರ್ ಕಲಿಸಿದ್ದು.

ಆಮೇಲೆ ಹಂಚಿಕೊಳ್ಳುವ ಪರೀಕ್ಷೆ. ಮೇಲಿನಿಂದ ಹಳೆಯದು ಕಳಿಸುತ್ತಿರುವಾಗಲೇ ನಾನು ಕೆಳಗಿನ ಸಣ್ಣ ಕಂಪ್ಯೂಟರಿನಿಂದ ಏನಾದರೂ ಕಳಿಸಬೇಕು, ಎರಡೂ ಕಲಸಿಹೋಗಬಾರದು. ಏನು ಕಳಿಸಲಿ ಅಂದೆ. ಏನರ ಹೊಡಿ ಅಂದರು. ನಾನು ಒಂದೊಂದೇ ಅಕ್ಷರ ಹುಡುಕಿ ವಾರದ ತರಕಾರಿ ಹೊಡೆದೆ: ಬದನೆ, ಹೀರೆ, ಚವಳಿ, ಒಂದು ಕಟ್ಟು ಪುಂಡಿ ಪಲ್ಯ. ಹಳೆಯದು ತನ್ನ ವಾಲ್ವಿನ ಪಟ್ಟಿ ಪೂರ್ತಿ ಹೊಡೆದು ಮುಗಿಸಿತು. ಒಂದು ಉಸಿರಿನಷ್ಟು ಹೊತ್ತು ಸುಮ್ಮನಾಯಿತು. ಆಮೇಲೆ ನನ್ನ ಬದನೆಕಾಯಿ ಮೆಲ್ಲಗೆ ಮೇಲೆದ್ದು ಬಂತು. ವಾಲ್ವಿಗೆ ಬದನೆ ತಾಕಲಿಲ್ಲ, ಬದನೆಗೆ ವಾಲ್ವು ತಾಕಲಿಲ್ಲ. ಎಷ್ಟು ಮನೆಗಳಲ್ಲಿ ಇಂಥ ಹೊಂದಾಣಿಕೆ ಇದೆ, ಹೇಳಿ.

"ಅಕ್ಕಾರ, ನಮ್ಮೂರ ಹೆಸರ ಒಂದೀಟ ಹೊಡೀರಲ್ಲ," ಅಂದ ಕಾಕಾ, ಎರಡು ಹೆಜ್ಜೆ ಹತ್ತಿರ ಬಂದು. ದೊಡ್ಡ ಅಕ್ಷರದಲ್ಲಿ ಹೊಡೆದುಕೊಟ್ಟೆ. ಅವನಿಗೆ ಓದಲು ಬಾರದು. ಬೆರಳಿನಿಂದ ಒಂದೊಂದೇ ಅಕ್ಷರ ಸವರಿ, "ಇಷ್ಟ ಉದ್ದ ಐತೇನ್ರಿ ನಮ್ಮೂರ?" ಅಂದು ಮಡಚಿ ತಲೆಗೆ ಸುತ್ತಿದ ಪಟಕದೊಳಗೆ ಇಟ್ಟುಕೊಂಡ.

ಡಬ್ಬಿ ಬಿಚ್ಚಿ ಮೂವರೂ ಮೆಟ್ಟಿಲ ಮೇಲೆ ಕೂತು ಊಟ ಮಾಡಿದೆವು. ಎಲ್ಲ ಮುಗಿದೇ ಹೋಯಿತೆಂದು ನಾನು ಮನಸ್ಸಿನಲ್ಲೇ ಅಮೀರ್‌ಪೇಟೆಗೆ ಹೊರಟಿದ್ದೆ. ಇನ್ನು ಉಳಿದದ್ದು ಖರೇ ಚಲನ್ ಒಂದೇ ಅಂದರು ಯಜಮಾನರು.

ಚಲನ್ ಅಂದರೆ ಮೊದಲೇ ಗೆರೆ, ಚೌಕ ಅಚ್ಚಾಗಿರುವ ಉದ್ದನೆಯ ಕಾಗದ. ಒಂದಕ್ಕೊಂದು ಅಂಟಿಕೊಂಡು ಡಬ್ಬಿಯಿಂದ ಸರಪಳಿಯ ಹಾಗೆ ಬರುತ್ತದೆ. ಪ್ರತಿಯೊಂದು ಸಂಗತಿ ತನ್ನ ಚೌಕದಲ್ಲೇ ಬೀಳಬೇಕು. ಮೇಲೆ ಗಿರಾಕಿಯ ಹೆಸರು, ನಡುವೆ ವಾಲ್ವು, ಕೆಳಗೆ ಲಾರಿಯ ನಂಬರು, ತಳದಲ್ಲಿ ಸಹಿಗೆ ಖಾಲಿ ಜಾಗ.

ಮೊದಲನೆಯದು ಸರಿಯಾಗಿ ಬಂತು. ಎರಡನೆಯದರಲ್ಲಿ ಎಲ್ಲ ಒಂದಿಷ್ಟು ಮೇಲೆ ಹತ್ತಿತು. ಮೂರನೆಯದರಲ್ಲಿ ಇನ್ನಷ್ಟು. ನಾಲ್ಕನೆಯದರಲ್ಲಿ ಲಾರಿಯ ನಂಬರು ವಾಲ್ವುಗಳ ನಡುವೆ ಬಂದು ಕೂತಿತು, ಮುಂದಿನ ಗಿರಾಕಿಯ ಹೆಸರು ಹಿಂದಿನವನ ಸಹಿಯ ಜಾಗದಲ್ಲಿ. ಯಜಮಾನರು ಮೇಲೆ ಏನೇನೋ ತಿರುಗಿಸಿದರು. ಮತ್ತೆ ಕಳಿಸಿದರು. ಮೊದಲನೆಯದು ಸರಿ, ಆಮೇಲೆ ಮತ್ತೆ ಹತ್ತುವುದು. ಒಂದು ಗಂಟೆ ಹೀಗೇ. ಕೊನೆಗೆ, ಪೂರ್ತಿ ಬಿಟ್ಟು ನೋಡೋಣ ಅಂತ ಉದ್ದಕ್ಕೂ ಹೊಡೆಸಿದಾಗ, ಹತ್ತಿ ಹತ್ತಿ ಹತ್ತಿ, ಹನ್ನೆರಡನೆಯ ಹಾಳೆ ತಟ್ಟನೆ ಸರಿಯಾಗಿ ಬಂತು! ಎಲ್ಲ ಅದರದರ ಚೌಕದಲ್ಲಿ!

"ಸರಿ ಆತು! ರೀ, ಸರಿ ಆತು! ಓಡಿ ಬರ್ರಿ!"

ಅವರು ಓಡಿಯೇ ಬಂದರು, ಬರಿಗಾಲಲ್ಲಿ, ಕನ್ನಡಕ ಹಣೆಯ ಮೇಲೆ. ಕಾಕಾ ಚಪ್ಪಾಳೆ ತಟ್ಟಿದ. ಮೂವರ ಕಣ್ಣೆದುರೇ ಹದಿಮೂರನೆಯ ಹಾಳೆ ಬಂತು. ಒಂದಿಷ್ಟು ಮೇಲೆ ಹತ್ತಿತ್ತು.

ಯಜಮಾನರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಕಾಲಿನ ಹೆಬ್ಬೆರಳಿಗೆ ಧೂಳು ಮೆತ್ತಿತ್ತು. "ಸ್ಟೋರಿನಾಗ ಫ್ಯಾನ್ ಇಲ್ಲ," ಅಂದರು. ಅಷ್ಟೇ ಅಂದರು. ಈ ಸಲ ನಗಲಿಲ್ಲ. ಅವರಿಗೆ ಫ್ಯಾನಿನ ಚಿಂತೆಯಲ್ಲ ಅಂತ ನನಗೆ ಗೊತ್ತು. ಮೇಲೆ ಅದು ಒಂಟಿಯಾಗಿ ಗುಂಯ್ ಅನ್ನುತ್ತಿತ್ತು.

ಸುಮ್ಮನೆ ಕೂರಲಾರದೆ ಹಾಳೆಗಳನ್ನು ನೆಲದ ಮೇಲೆ ಹಾಸಿದೆ, ಸಂಡಿಗೆ ಹಾಕಲು ಸೀರೆ ಹಾಸುವ ಹಾಗೆ. ಕಾನ್ವೆಂಟಿನಲ್ಲಿ ನಮಗೆ ಕೆಂಪು ಪೆನ್ಸಿಲಿನಿಂದ ಒಂದು ಇಂಚಿನ ಅಂಚು ಬಿಡಿಸುತ್ತಿದ್ದರು. ಅಂಚು ಓರೆಯಾದರೆ ಪುಟ ಪೂರ್ತಿ ಮತ್ತೆ ಬರೆಯಬೇಕು. ಅದಕ್ಕೇ ಇರಬೇಕು, ನನ್ನ ಕಣ್ಣು ಮೊದಲು ಹೋದದ್ದು ಅಂಚಿಗೆ. ಹತ್ತುವುದೇನೋ ಹತ್ತಿತ್ತು, ಆದರೆ ಪ್ರತಿ ಸಲವೂ ಅಷ್ಟೇ ಅಷ್ಟು. ಕೈಚೀಲದಿಂದ ಟೇಪು ತೆಗೆದೆ. ಒಂದು ಇಂಚು. ಮುಂದಿನದು, ಮತ್ತೊಂದು ಇಂಚು. ನೂಲಿನಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ರೀ, ಒಂದು ಹಾಳಿ ಎಷ್ಟ ಉದ್ದ ಅಂತ ತಿಳದೈತಿ ಅದು?"

"ಅರವತ್ತಾರು ಸಾಲು. ಹನ್ನೊಂದು ಇಂಚು. ಪ್ರೋಗ್ರಾಮಿನಾಗ ಹಂಗ ಐತಿ."

"ಹಾಳಿ ಹನ್ನೆರಡು ಇಂಚು ಐತ್ರಿ."

"ಇಪ್ಪತ್ತೆರಡು ವರ್ಷ ಇದಾ ಹಾಳಿ, ಇದಾ ಪ್ರೋಗ್ರಾಮು. ಒಂದ ದಿವಸ ತಪ್ಪಿಲ್ಲ. ನಿನ್ನ ಟೇಪ್ ಹಿಗ್ಗಿರಬೇಕು."

ಎಂಥ ಮಾತು! "ಹಿಗ್ಗಿದ್ರ ನನ್ನ ಬ್ಲೌಸು ಇಷ್ಟ ವರ್ಷ ಹ್ಯಾಂಗ ಸರಿ ಬರ್ತಿದ್ವು?" ಅಂದೆ. ಆದರೆ ಅವರ ಮಾತೂ ಸುಳ್ಳಲ್ಲ. ಹನ್ನೊಂದು ಎಂದು ತಿಳಿದ ಮಿಷನ್ನು ಹನ್ನೆರಡರ ಹಾಳೆಯಲ್ಲಿ ಇಷ್ಟು ವರ್ಷ ಹೇಗೆ ಹೊಡೆಯಿತು?

ಆಗ ಕಾಕಾ ಗಂಟಲು ಸರಿಮಾಡಿಕೊಂಡ.

"ಸಾಹೇಬ್ರ, ತಪ್ಪ ತಿಳೀಬ್ಯಾಡ್ರಿ. ಗಣಪ್ಪ ಇನ್ನೂ ಆ ಸತ್ತ ಮಿಷನ್ ಮ್ಯಾಲೇ ಕುಂತಾನ. ಈ ಮಿಷನ್ನಿಗೆ ದೇವ್ರಾ ಇಲ್ಲ. ಹ್ಯಾಂಗ ನಡೀಬೇಕ್ರಿ?"

"ಕಾಕಾ, ಇದು ದೇವರ ಕೆಲಸ ಅಲ್ಲ," ಅಂದರು ಯಜಮಾನರು.

ಅಲ್ಲದಿರಬಹುದು. ಆದರೆ ಮಂಗಳವಾರ ಗುಜರಿಯವನು ಬಂದರೆ ಗಣಪತಿಯೂ ತಗಡಿನ ಜೊತೆ ಹೋಗುತ್ತಾನಲ್ಲ, ಅದು ನನಗೆ ಸರಿ ಕಾಣಲಿಲ್ಲ. ಮೂಲೆಗೆ ಹೋಗಿ ಪ್ಲಾಸ್ಟಿಕ್ ಹಾಳೆ ಸರಿಸಿದೆ. ಸತ್ತ ಪ್ರಿಂಟರಿನ ಎದುರಿನ ಫಲಕದ ಮೇಲೆ ಅಂಗೈಯಗಲದ ಗಣಪತಿಯ ಚಿತ್ರ. ವರ್ಷ ವರ್ಷದ ಆಯುಧಪೂಜೆಯ ಕುಂಕುಮ ಗಂಧಗಳು ಪದರು ಪದರಾಗಿ ಗಟ್ಟಿಯಾಗಿ, ಸೊಂಡಿಲಿನ ತುದಿ ಮಾತ್ರ ಕಾಣುತ್ತಿತ್ತು. ಸೆರಗಿನ ಕರವಸ್ತ್ರ ಬಿಚ್ಚಿ ನೀರಿನಲ್ಲಿ ಅದ್ದಿ ಅಂಚುಗಳನ್ನು ಮೆತ್ತಗೆ ಮಾಡಿದೆ. ಮಗುವಿನ ಗಾಯದ ಪಟ್ಟಿ ಬಿಚ್ಚುವ ಹಾಗೆ, ಒಂದು ಮೂಲೆಯಿಂದ, ಉಸಿರು ಹಿಡಿದು ಎಬ್ಬಿಸಿದೆ.

ಕೆಳಗೆ ಒಂದು ಸಣ್ಣ ಕಿಟಕಿ ಇತ್ತು. ಕಿಟಕಿಯಲ್ಲಿ ಬೆರಳಿನಿಂದ ತಿರುಗಿಸುವ ಎರಡು ಪುಟ್ಟ ಗಾಲಿಗಳು. ಒಂದರ ಮೇಲೆ 1, ಇನ್ನೊಂದರ ಮೇಲೆ 2. ಪಕ್ಕದಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ: ಹಾಳೆಯ ಉದ್ದ, ಇಂಚುಗಳಲ್ಲಿ.

ಓದಿ ಹೇಳಿದೆ. ಯಜಮಾನರು ಎದ್ದು ಬಂದರು. ಹಣೆಯ ಮೇಲಿನ ಕನ್ನಡಕ ಮೂಗಿಗೆ ಇಳಿಸಿದರು. ಬಗ್ಗಿದರು. ಬಗ್ಗಿದವರು ಹಾಗೆಯೇ ಅಲುಗಾಡತೊಡಗಿದರು. ನಾನು ಗಾಬರಿಯಾಗಿ ಹೆಗಲು ಹಿಡಿದೆ. ಅವರು ನಗುತ್ತಿದ್ದರು! ಕಣ್ಣಲ್ಲಿ ನೀರು ಬರುವಂತೆ, ಮಾತು ಬಾರದಂತೆ, ಸತ್ತ ಪ್ರಿಂಟರನ್ನು ತಬ್ಬಿಕೊಂಡು ನಗುತ್ತಿದ್ದರು.

"ನಾನಾ ಹಚ್ಚೀನಿ," ಅಂದರು ಕೊನೆಗೆ. "ಗಣಪತೀನ್ನ ನಾನಾ ಹಚ್ಚೀನಿ!"

ಮಿಷನ್ನು ಬಂದ ಮೊದಲ ವರ್ಷದ ಮಾತಂತೆ. ಜೋಡಿಸಲು ಬಂದ ಇಂಜಿನಿಯರು ಹೋಗುವಾಗ ಆ ಫಲಕ ತೋರಿಸಿ, ಇದನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ ಅಂದಿದ್ದನಂತೆ. ಡಿಸ್ಪ್ಯಾಚಿನವರ ಕೈ ಸುಮ್ಮನಿರುವುದಲ್ಲ. ಬೀಗ ಹಾಕುವ ಹಾಗಿಲ್ಲ, ಚೀಟಿ ಅಂಟಿಸಿದರೆ ಕಿತ್ತು ಹಾಕುತ್ತಾರೆ. ಯೋಚಿಸಿ ಯೋಚಿಸಿ ಇವರು ಆಯುಧಪೂಜೆಯ ದಿನ ಅದರ ಮೇಲೆ ಗಣಪತಿಯನ್ನು ಅಂಟಿಸಿಬಿಟ್ಟರು. ಅಲ್ಲಿಂದಾಚೆ ಯಾವ ನರಪಿಳ್ಳೆಯೂ ಬೆರಳು ತಾಕಿಸಲಿಲ್ಲ. ಇವರೂ ತಾಕಿಸಲಿಲ್ಲ. ಕೆಳಗೆ ಏನಿತ್ತು ಅನ್ನುವುದನ್ನೇ ಮರೆತರು. ಹನ್ನೊಂದು ಇಂಚು ಹೊಡೆದಾದ ಮೇಲೆ ಮುಂದಿನ ಹಾಳೆ ಎಲ್ಲಿ ಶುರುವಾಗುತ್ತದೆ ಅಂತ ಹಳೆಯ ಪ್ರಿಂಟರಿಗೆ ಅದರ ಗಾಲಿಗಳೇ ಹೇಳುತ್ತಿದ್ದವು. ಹೊಸದಕ್ಕೆ ಹೇಳುವವರು ಯಾರೂ ಇರಲಿಲ್ಲ.

"ನಾ ಹೇಳಿದ್ನಿಲ್ರಿ, ಗಣಪ್ಪಂದಾ ಕೆಲಸ ಅಂತ?" ಅಂದ ಕಾಕಾ.

ಹೊಸ ಪ್ರಿಂಟರಿನ ಗುಂಡಿಗಳನ್ನು ಒತ್ತಿ ಉದ್ದ ಹನ್ನೆರಡು ಅಂತ ಕೂರಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಮೇಲೆ ಹೋಗಿ ಜಿ ಒತ್ತುವ ಗೌರವವನ್ನು ನನಗೆ ಕೊಟ್ಟರು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಹಸಿರು ಅಕ್ಷರದ ಪರದೆಯ ಮೇಲೆ ಅದು ವಿನಯದಿಂದ ಕೇಳುತ್ತ ಕೂತಿತ್ತು. ಒಂದೇ ಬೆರಳಿನಿಂದ ಒತ್ತಿದೆ. ಒತ್ತಿ, ಅದರ ಕೆತ್ತಿಹೋದ ಬದಿಯನ್ನು ಒಮ್ಮೆ ಸವರಿ, ಕೆಳಗೆ ಓಡಿದೆ. ಮೂವರೂ ಸಾಲಾಗಿ ನಿಂತು ಎಣಿಸಿದೆವು. ಎರಡು ಸರಿ, ಮೂರು ಸರಿ, ಆರು ಸರಿ. ಹನ್ನೆರಡಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಬುದ್ಧಿ ಬಂದಿತ್ತು. ಹದಿಮೂರು. ಲಾರಿಯ ನಂಬರು ಲಾರಿಯ ಚೌಕದಲ್ಲೇ ಇತ್ತು. ಕಾಕಾ ಪಟಕ ತೆಗೆದು ಗಾಳಿಗೆ ಎಸೆದ; ಅವನ ಊರು ಮಡಿಕೆ ಬಿಚ್ಚಿಕೊಂಡು ನೆಲಕ್ಕೆ ಬಿತ್ತು.

ಗಣಪತಿಯನ್ನು ಎಲ್ಲಿ ಹಚ್ಚುವುದೆಂದು ಸ್ವಲ್ಪ ಚರ್ಚೆಯಾಯಿತು. ಪ್ರಿಂಟರಿನ ಮೈಮೇಲೆ ಎಲ್ಲಿ ಇಟ್ಟರೂ ಯಜಮಾನರು "ಅಲ್ಲಿ ಬ್ಯಾಡ, ಅಲ್ಲಿ ಬ್ಯಾಡ" ಅಂದರು. ಕೊನೆಗೆ ಗೋಡೆಗೆ, ಬೆಳಿಗ್ಗೆ ಹಲ್ಲಿ ಇದ್ದ ಜಾಗದಲ್ಲಿ. ಪಕ್ಕದಲ್ಲೇ ಒಂದು ಮೊಳೆ ಇತ್ತು. ಅವರು ನನ್ನ ಕೈಯಿಂದ ಟೇಪು ತೆಗೆದು ಅದಕ್ಕೆ ತೂಗುಹಾಕಿದರು. "ಇದು ಇಲ್ಲೇ ಇರ್ಲಿ." ನಾನು, ಬ್ಲೌಸಿಗೆ ಬೇಕು ಅಂದೆ. ಕೇಳಿಸಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಡಬ್ಬಿ ಕಟ್ಟಿ ಕಳಿಸಿದ ಮೇಲೆ ನನಗೆ ಕೆಲಸವೇ ಸಾಗಲಿಲ್ಲ. ಒಂಬತ್ತಾಯಿತು. ಒಂದೇ ಬದನೆಕಾಯಿಯನ್ನು ಎರಡು ಸಲ ತೊಳೆದೆ. ಒಂಬತ್ತು ಇಪ್ಪತ್ತಕ್ಕೆ ಫೋನು ಬಂತು. ಎತ್ತಿದರೆ ಮಾತಿಲ್ಲ. ಬರೀ ಕಿರ್ರ್, ಕಿರ್ರ್, ಒಂದು ಉಸಿರಿನಷ್ಟು ಮೌನ, ಮತ್ತೆ ಕಿರ್ರ್. ಅವರು ಫೋನನ್ನು ಪ್ರಿಂಟರಿನ ಬಾಯಿಗೆ ಹಿಡಿದಿದ್ದರು. ನಾನು ಒದ್ದೆ ಕೈಯಲ್ಲೇ ನಿಂತು ಮೌನಗಳನ್ನು ಎಣಿಸಿದೆ. ಹನ್ನೊಂದು. ಹನ್ನೆರಡು. ಹದಿಮೂರು. ಹದಿನಾಲ್ಕು.

"ಮಾಲೀಕರು ಏನಂದ್ರು?"

"ಬಂದ್ರು. ಚಲನ್ ಬೆಳಕಿಗೆ ಹಿಡಿದು ನೋಡಿದ್ರು. 'ಸರೇ' ಅಂದ್ರು. ಹೋದ್ರು."

"ಅಷ್ಟನಾ?"

"ಅಷ್ಟ. ಮಾದಾಪುರದವ್ರಿಗೆ ಬರಬ್ಯಾಡ್ರಿ ಅಂತ ಫೋನ್ ಮಾಡಿದ್ರಂತ." ಆಮೇಲೆ ದನಿ ಇಳಿಸಿ, ಯಾರೋ ಪಕ್ಕದಲ್ಲಿ ಇದ್ದರೇನೋ, "ಡಬ್ಬ್ಯಾಗ ಇವತ್ತ ಏನೈತಿ?" ಅಂದರು.

ಬದನೆಕಾಯಿ ಎಣಗಾಯಿ ಇತ್ತು. ಮತ್ತು ಮುಚ್ಚಳದ ಒಳಗೆ, ಆಫೀಸಿನಿಂದ ಕದ್ದು ತಂದ ಹಾಳೆಯೊಂದರ ಚೂರು, ಒಂದು ಕರಿಯ ಆಟೀನು.

ಟೇಪು ಈಗಲೂ ಗಣಪತಿಯ ಪಕ್ಕದ ಮೊಳೆಗೇ ಇದೆ. ಈ ಸಲದ ಆಯುಧಪೂಜೆಯಲ್ಲಿ ಅದಕ್ಕೂ ಕುಂಕುಮ ಹಚ್ಚಿದರಂತೆ. ಬ್ಲೌಸಿಗೆ ನಾನು ಹೊಸದೊಂದು ಕೊಂಡೆ. ಅದು ಸ್ವಲ್ಪ ಹಿಗ್ಗುತ್ತದೆ.